ಬೋರ್ಡ್ ಗೇಮಿಗೆ ಎರಡನೇ ಆವೃತ್ತಿ: ಹಳೆ ಗಿರಾಕಿ ಮುನಿಯದಂತೆ ಮಾರುವುದು ಹೇಗೆ?

ಚೌಕಾಬಾರಕ್ಕೆ ಊರಿಗೊಂದು ನಿಯಮ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದ ಮೇಲೇ ಒಳಮನೆಗೆ ಪ್ರವೇಶ, ಪಕ್ಕದ ಬೀದಿಯಲ್ಲಿ ಅಂಥ ಕಟ್ಟಳೆಯೇ ಇಲ್ಲ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಏಕೆಂದರೆ ಆ ನಿಯಮಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ಅದೇ ನಿಯಮವನ್ನು ಅಚ್ಚು ಹಾಕಿಸಿ, ಡಬ್ಬಿಯಲ್ಲಿಟ್ಟು, 799 ರೂಪಾಯಿ ಎಂಆರ್‌ಪಿ ಹೊಡೆದು ಮಾರಿದಿರೋ, ಕಥೆ ಬೇರೆ. ಎರಡು ವರ್ಷ ಬಿಟ್ಟು ‘ನಿಯಮ ಬದಲಾಗಿದೆ, ಹೊಸ ಡಬ್ಬಿ ಕೊಳ್ಳಿ’ ಎಂದರೆ, ಮೊದಲ ಡಬ್ಬಿ ಕೊಂಡವರ ಮನಸ್ಸಿಗೆ ಬರುವ ಮೊದಲ ಮಾತು, ‘ಹಾಗಾದ್ರೆ ನನ್ನ ಹತ್ರ ಇರೋದು ವೇಸ್ಟಾ?’

ಹೊಸ ಆವೃತ್ತಿಯ ಪ್ರಚಾರವೆಲ್ಲ ಈ ಒಂದು ಪ್ರಶ್ನೆಗೆ ಕೊಡುವ ಉತ್ತರ. ಪೋಸ್ಟರು, ರೀಲು, ರಿಯಾಯಿತಿ ಎಲ್ಲ ಅದರ ನಂತರದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ಇದು ಇನ್ನೂ ನಿಜ. ಇಲ್ಲಿ ನಿಮ್ಮ ಆಟ ಕೊಂಡವರು ಮುನ್ನೂರು ನಾನೂರು ಜನ ಇರಬಹುದು, ಅವರಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ಗೊತ್ತು.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಆಟವನ್ನು ಕಲ್ಪಿಸಿಕೊಳ್ಳೋಣ. ಹೆಸರು ‘ಮಂಡಿ’. ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ತಂದು ಹರಾಜಿನಲ್ಲಿ ಮಾರುವ ಆಟ, ನಾಲ್ಕು ಜನಕ್ಕೆ. ಡಬ್ಬಿಯಲ್ಲಿ ಒಂದು ಮಡಚುವ ಪಟ, ಕ್ರೇಟಿನ ಆಕಾರದ 40 ಕಾಯಿ, 2 ದಾಳ, 96 ಕಾರ್ಡು. ಕಾರ್ಡುಗಳು ಮೂರು ಕಟ್ಟು: ಬೆಳೆ 54, ಹವಾಮಾನ 24, ಮಂಡಿ 18. ಒಂದೊಂದು ಕಟ್ಟಿನ ಬೆನ್ನಿಗೂ ಬೇರೆ ಬೇರೆ ಚಿತ್ರ. ಮೊದಲ ಮುದ್ರಣ 500 ಡಬ್ಬಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ. ನಿಮ್ಮ ಆಟದ ಅಂಕಿ ಹಾಕಿಕೊಂಡು ಓದಿ.

ಹಂತ 1: ಇದಕ್ಕೆ ‘ಆವೃತ್ತಿ’ ಎನ್ನಬೇಕೇ?

ಅಕ್ಷರದೋಷ ತಿದ್ದಿ ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ, ಪ್ರಚಾರ ಬೇಡ. ಚಿತ್ರ, ಡಬ್ಬಿ, ಹೆಸರು ಬದಲಾಗಿ ಆಟ ಹಾಗೇ ಇದ್ದರೆ ಅದು ಹೊಸ ಅಂಗಿ. 2015ರಲ್ಲಿ ‘ಸೆಟ್ಲರ್ಸ್ ಆಫ್ ಕಟಾನ್’ ಎಂಬ ಬೋರ್ಡ್ ಗೇಮ್ ಬರೀ ‘ಕಟಾನ್’ ಆದದ್ದು ಈ ಬಗೆಯದು. ನಿಯಮ ಬದಲಾದಾಗ ಮಾತ್ರ ಆವೃತ್ತಿಯ ಪ್ರಶ್ನೆ ಏಳುತ್ತದೆ.

ಪರೀಕ್ಷೆ ಸುಲಭ. ಹಳೆ ಡಬ್ಬಿ ಇರುವವರೊಬ್ಬರು, ಹೊಸ ಡಬ್ಬಿ ಇರುವವರೊಬ್ಬರು ಒಂದೇ ಮೇಜಿಗೆ ಕೂತು, ಹತ್ತು ನಿಮಿಷದ ವಿವರಣೆಯಲ್ಲಿ ಆಡಬಲ್ಲರೇ? ಆಡಬಲ್ಲರಾದರೆ ‘ಪರಿಷ್ಕೃತ’ ಎನ್ನಿ. ಕಾರ್ಡು ಬದಲಿಸಿಕೊಂಡರೆ ಆಡಬಲ್ಲರು ಎಂದಾದರೆ ‘2ನೇ ಆವೃತ್ತಿ’, ಜೊತೆಗೆ ಅಪ್‌ಗ್ರೇಡ್ ಕಟ್ಟು, ಅಂದರೆ ಹಳೆ ಡಬ್ಬಿಯನ್ನು ಹೊಸದಾಗಿಸುವ ಕಾರ್ಡುಗಳ ಕಟ್ಟು. ಏನು ಮಾಡಿದರೂ ಆಗದು ಎಂದಾದರೆ ಅದು ಬೇರೆ ಆಟ. ಅದಕ್ಕೆ ಬೇರೆ ಹೆಸರಿಟ್ಟು ಹಳೆಯದನ್ನು ಅದರ ಪಾಡಿಗೆ ಬಿಡುವುದು ಎಷ್ಟೋ ಗೌರವದ ದಾರಿ.

ಈ ವಿಂಗಡಣೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡವರ ಉದಾಹರಣೆಗಳಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ನಿಯಮದ ಪುಸ್ತಕ ಇಟ್ಟುಕೊಂಡು ಪಾತ್ರ ವಹಿಸಿ ಆಡುವ ಆಟ. ಅದರ 3ನೇ ಆವೃತ್ತಿ ಬಂದದ್ದು 2000ದಲ್ಲಿ. ಮೂರೇ ವರ್ಷಕ್ಕೆ, 2003ರಲ್ಲಿ, 3.5 ಬಂತು. ಪುಸ್ತಕ ಕೊಂಡವರು ಮತ್ತೆ ಕೊಳ್ಳಬೇಕೇ ಬೇಡವೇ ಎಂದು ಆ ‘ಅರ್ಧ’ ಅಂಕಿ ಹೇಳಲಿಲ್ಲ. 2008ರಲ್ಲಿ 4ನೇ ಆವೃತ್ತಿ ಆಟದ ಬೇರನ್ನೇ ಬದಲಿಸಿತು. ಹಳೆಯ ನಿಯಮ ಬೇರೆಯವರೂ ಬಳಸಬಹುದಾದ ಮುಕ್ತ ಲೈಸೆನ್ಸಿನಲ್ಲಿ ಇದ್ದದ್ದರಿಂದ ಪೈಜೊ ಎಂಬ ಇನ್ನೊಂದು ಪ್ರಕಾಶನ ಅದನ್ನೇ ತಿದ್ದಿ 2009ರಲ್ಲಿ ‘ಪಾಥ್‌ಫೈಂಡರ್’ ತಂದಿತು, ಹಳೆ ಆಟ ಬಿಡಲೊಲ್ಲದವರು ಅಲ್ಲಿಗೆ ಹೋದರು. 2014ರ 5ನೇ ಆವೃತ್ತಿಯ ನಂತರ ಬಂದ 2024ರ ಹೊಸ ಪುಸ್ತಕಗಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಾಶಕರು ‘6ನೇ ಆವೃತ್ತಿ’ ಎಂಬ ಹೆಸರೇ ಇಡಲಿಲ್ಲ. ಹಳೆಯದರ ಜೊತೆ ಹೊಂದುತ್ತದೆ ಎನ್ನುವುದನ್ನೇ ಮುಂದಿಟ್ಟರು.

‘ಮಂಡಿ’ಯಲ್ಲಿ ಬದಲಾಗುತ್ತಿರುವುದು ಹರಾಜು ಒಂದೇ ಎಂದುಕೊಳ್ಳಿ. ಮೊದಲು ಎಲ್ಲರೂ ಸರದಿಯಲ್ಲಿ ಬಿಡ್ ಏರಿಸುತ್ತಾ ಹೋಗಬೇಕಿತ್ತು, ಆಟ ಒಂದೂವರೆ ಗಂಟೆ ಎಳೆಯುತ್ತಿತ್ತು. ಈಗ ಎಲ್ಲರೂ ಒಂದೇ ಸಲ ಮುಚ್ಚಿದ ಮುಷ್ಟಿಯಲ್ಲಿ ಬಿಡ್ ಹಿಡಿದು ತೆರೆಯುತ್ತಾರೆ, ಐವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಇದು 2ನೇ ಆವೃತ್ತಿ.

ಹಂತ 2: ಸ್ಟಾಕ್ ಎಣಿಸಿ, ಆಮೇಲೆ ಬಾಯಿ ಬಿಡಿ

ಹೊಸದು ಬರುತ್ತಿದೆ ಎಂದು ಹೇಳಿದ ದಿನದಿಂದ ಹಳೆಯದು ಮಾರುವುದಿಲ್ಲ. ಕಂಪ್ಯೂಟರ್ ಜಗತ್ತಿನಲ್ಲಿ ಇದಕ್ಕೆ ‘ಆಸ್‌ಬರ್ನ್ ಪರಿಣಾಮ’ ಎಂಬ ಹೆಸರೇ ಇದೆ. ಮುಂದಿನ ಮಾದರಿಯ ಸುದ್ದಿ ಮೊದಲೇ ಹೊರಬಿದ್ದು ಕೈಯಲ್ಲಿದ್ದ ಮಾಲು ನಿಂತಿತೆಂದೂ, 1983ರಲ್ಲಿ ಆಸ್‌ಬರ್ನ್ ಎಂಬ ಕಂಪ್ಯೂಟರ್ ಕಂಪನಿ ದಿವಾಳಿಯಾಯಿತೆಂದೂ ಹೇಳುತ್ತಾರೆ. ದಿವಾಳಿಗೆ ಅದೊಂದೇ ಕಾರಣವಲ್ಲ ಎಂದು ವಾದಿಸುವವರೂ ಇದ್ದಾರೆ. ಕಾರಣ ಏನೇ ಇರಲಿ, ಗಿರಾಕಿಯ ಬುದ್ಧಿ ಮಾತ್ರ ಅದೇ. ಬರುವ ತಿಂಗಳು ಹೊಸದು ಬರುವಾಗ ಈ ತಿಂಗಳು ಹಳೆಯದನ್ನು ಯಾರು ಕೊಳ್ಳುತ್ತಾರೆ?

ಎಣಿಸುವಾಗ ಮನೆಯ ಅಟ್ಟದಲ್ಲಿರುವುದನ್ನಷ್ಟೇ ಎಣಿಸಿ ಮೋಸ ಹೋಗುವವರೇ ಹೆಚ್ಚು. ಅಂಗಡಿಗೆ ಕೊಟ್ಟದ್ದನ್ನು ‘ಮಾರಿದ್ದು’ ಎಂದು ಬರೆದುಕೊಂಡಿರುತ್ತೀರಿ, ಆದರೆ ಕಪಾಟಿನಲ್ಲಿ ಧೂಳು ಹಿಡಿದಿರುವ ಡಬ್ಬಿ ಇನ್ನೂ ನಿಮ್ಮ ಹೊಣೆಯೇ. ಪ್ರತಿ ಅಂಗಡಿಗೂ ಫೋನ್ ಮಾಡಿ, ‘ಎಷ್ಟು ಉಳಿದಿದೆ, ಒಂದು ಫೋಟೋ ಹಾಕಿ ಅಣ್ಣಾ’ ಎಂದು ಕೇಳಿ.

ಫೆಬ್ರವರಿ ಕೊನೆಗೆ ‘ಮಂಡಿ’ 120 ಡಬ್ಬಿ ಉಳಿದಿದೆ ಎಂದುಕೊಳ್ಳಿ: ಮನೆಯಲ್ಲಿ 72, ಎಂಟು ಅಂಗಡಿಗಳಲ್ಲಿ ಆರಾರರಂತೆ 48. ತಿಂಗಳಿಗೆ 15 ಹೋಗುತ್ತಿವೆ. ಆಗಸ್ಟ್ ಕೊನೆಗೆ 90 ಹೋಗಿ 30 ಉಳಿಯುತ್ತವೆ. ಅದು ಎರಡು ತಿಂಗಳ ಮಾಲು. ಘೋಷಣೆಗೆ ಅದೇ ಗಡಿ: ಸೆಪ್ಟೆಂಬರ್ ಮೊದಲ ವಾರ ಹೇಳಿ, ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಬಿಡುಗಡೆ ಮಾಡಿ. ಹೇಳುವುದಕ್ಕೂ ಕೊಡುವುದಕ್ಕೂ ನಡುವೆ ನಾಲ್ಕರಿಂದ ಆರು ವಾರ ಸಾಕು. ಆರು ತಿಂಗಳು ಮೊದಲೇ ಹೇಳಿದರೆ ಹಳೆಯದೂ ಮಾರುವುದಿಲ್ಲ, ಹೊಸದರ ಸುದ್ದಿಯೂ ಹಳಸುತ್ತದೆ.

ಹೇಳದೆ ಮುಚ್ಚಿಟ್ಟು ಹಳೆಯದನ್ನು ಕೊನೆಯ ಡಬ್ಬಿಯವರೆಗೆ ಮಾರಿಬಿಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಬೇಡ. ಆಗಸ್ಟ್ 28ಕ್ಕೆ ಕೊಂಡವರಿಗೆ ಸೆಪ್ಟೆಂಬರ್ 3ಕ್ಕೆ ಸುದ್ದಿ ಸಿಕ್ಕರೆ ಅವರು ಸುಮ್ಮನಿರುವುದಿಲ್ಲ, ಸುಮ್ಮನಿರಬೇಕಾಗಿಯೂ ಇಲ್ಲ. ಅದಕ್ಕೆ ಮದ್ದು 90 ದಿನದ ಗೆರೆ. ಘೋಷಣೆಗೆ ಹಿಂದಿನ 90 ದಿನದಲ್ಲಿ ಕೊಂಡವರಿಗೆಲ್ಲ ಅಪ್‌ಗ್ರೇಡ್ ಉಚಿತ. ‘ಮಂಡಿ’ ಲೆಕ್ಕದಲ್ಲಿ ಜೂನ್, ಜುಲೈ, ಆಗಸ್ಟ್ ಸೇರಿ 45 ಡಬ್ಬಿ. ಉಳಿದ 30ಕ್ಕೂ ಅಪ್‌ಗ್ರೇಡ್ ಜೊತೆ ಸೇರಿಸಿಯೇ ಮಾರುತ್ತೀರಿ. ಒಟ್ಟು 75 ಉಚಿತ ಕಟ್ಟು. ಈ ಖರ್ಚನ್ನು ಮೊದಲ ದಿನವೇ ಬಜೆಟ್ಟಿನಲ್ಲಿ ಬರೆಯಿರಿ, ಆಮೇಲೆ ಕೈ ಬಿಗಿಯಾಗುವುದಿಲ್ಲ.

ಹಂತ 3: ಅಪ್‌ಗ್ರೇಡ್ ಕಟ್ಟು

ಈ ಇಡೀ ಕೆಲಸದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ‘ಡೊಮಿನಿಯನ್’ ಎಂಬ ಕಾರ್ಡಿನ ಆಟ 2016ರಲ್ಲಿ 2ನೇ ಆವೃತ್ತಿಗೆ ಹೋದಾಗ ಮೂಲ ಡಬ್ಬಿಯಿಂದ 6 ಬಗೆಯ ಕಾರ್ಡು ತೆಗೆದು 7 ಹೊಸ ಬಗೆ ಸೇರಿಸಿತು. ಹಳೆ ಡಬ್ಬಿಯವರಿಗೆಂದು ಹೊಸ ಕಾರ್ಡುಗಳಷ್ಟೇ ಇರುವ ಪ್ಯಾಕನ್ನು ಬೇರೆಯಾಗಿ ಮಾರಿತು. ಇಡೀ ಡಬ್ಬಿ ಮತ್ತೆ ಕೊಳ್ಳುವ ಹಂಗಿಲ್ಲದೆ ಹಳಬರು ಹೊಸ ಆಟಕ್ಕೆ ಬಂದರು. ಸಣ್ಣವರಿಗೂ ಇದೇ ದಾರಿ, ಆದರೆ ಸಣ್ಣವರಿಗೆ ಒಂದು ಗುಂಡಿ ಕಾದಿರುತ್ತದೆ.

ಕಾರ್ಡಿನ ಬೆನ್ನು. ಎರಡು ವರ್ಷದ ಹಿಂದೆ ಆಫ್‌ಸೆಟ್‌ನಲ್ಲಿ (ಪ್ಲೇಟು ಹಾಕಿ ಅಚ್ಚು ಹಾಕುವ ವಿಧಾನ) ಅಚ್ಚಾದ ನೀಲಿಗೂ ಇವತ್ತು ಅಚ್ಚಾಗುವ ನೀಲಿಗೂ ಹೊಂದುವುದಿಲ್ಲ. ಕಾಗದದ ಲಾಟು ಬೇರೆ, ಶಾಯಿ ಬೇರೆ, ಲ್ಯಾಮಿನೇಶನ್ ಹೊಳಪು ಬೇರೆ, ಜೊತೆಗೆ ಹಳೆ ಕಾರ್ಡಿಗೆ ಕೈಬೆವರು ಹತ್ತಿ ಮಾಸಿರುತ್ತದೆ. 54 ಬೆಳೆ ಕಾರ್ಡಿನ ನಡುವೆ 5 ಹೊಸ ಕಾರ್ಡು ಸೇರಿಸಿದರೆ, ಕಲಸಿ ಮಗುಚಿಟ್ಟ ಕಟ್ಟಿನಲ್ಲಿ ಆ ಐದೂ ಎದ್ದು ಕಾಣುತ್ತವೆ. ಇಸ್ಪೀಟಿನಲ್ಲಿ ಗುರುತು ಹಾಕಿದ ಎಲೆ ಇದ್ದ ಹಾಗೆ, ಮೇಲಿನ ಕಾರ್ಡು ಯಾವುದೆಂದು ಎಲ್ಲರಿಗೂ ಗೊತ್ತು. ಪ್ರೆಸ್ಸಿನವರು ‘ಸೇಮ್ ಕಲರ್ ಕೊಡ್ತೀನಿ ಸಾರ್’ ಎನ್ನುತ್ತಾರೆ, ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಬರುವುದಿಲ್ಲ.

ಹಾಗಾಗಿ ಬದಲಾವಣೆಯನ್ನೆಲ್ಲ ಒಂದೇ ಬೆನ್ನಿನ ಕಟ್ಟಿಗೆ ಒಟ್ಟುಗೂಡಿಸಿ, ಆ ಕಟ್ಟನ್ನು ಪೂರ್ತಿ ಬದಲಿಸಿ. ‘ಮಂಡಿ’ಯಲ್ಲಿ ಹರಾಜಿನ ತಿದ್ದುಪಡಿಯನ್ನು ಬೆಳೆ ಕಾರ್ಡಿನ ಮೇಲೂ ಬರೆಯಬಹುದಿತ್ತು. ಅದರ ಬದಲು ಎಲ್ಲವನ್ನೂ 18 ಮಂಡಿ ಕಾರ್ಡಿಗೆ ತನ್ನಿ. ಹಳೆ 18 ಹೊರಗೆ, ಹೊಸ 18 ಒಳಗೆ. ಆ ಕಟ್ಟಿನ ಬೆನ್ನೆಲ್ಲ ಒಂದೇ ಲಾಟಿನದು, ಗುರುತು ಸಿಗುವ ಮಾತೇ ಇಲ್ಲ. ನಿಯಮ ವಿನ್ಯಾಸ ಮಾಡುವವರಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಈ ಮಿತಿಯನ್ನು ಮೊದಲೇ ಹಾಕಿಕೊಂಡರೆ ಮಾರಾಟದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

18 ಎಂಬ ಸಂಖ್ಯೆಗೂ ಒಂದು ಲಾಭವಿದೆ. 63×88 ಮಿ.ಮೀ. ಕಾರ್ಡಿಗೆ ಸುತ್ತ 3 ಮಿ.ಮೀ. ಬ್ಲೀಡ್ (ಅಚ್ಚಿನ ಮೇಲೆ ಕತ್ತರಿಸಿ ತೆಗೆಯುವ ಅಂಚು) ಬಿಟ್ಟರೆ 69×94 ಆಗುತ್ತದೆ. 13×19 ಇಂಚಿನ ಡಿಜಿಟಲ್ ಶೀಟಿನಲ್ಲಿ ಆರು ಅಡ್ಡ, ಮೂರು ಉದ್ದ ಜೋಡಿಸಿದರೆ ನಿರಾಳವಾಗಿ 18 ಕೂರುತ್ತವೆ. ಒಂದು ಶೀಟು, ಒಂದು ಕಟ್ಟು. ಕಾರ್ಡು 22 ಆದರೆ ಪ್ರತಿ ಕಟ್ಟಿಗೂ ಎರಡನೇ ಶೀಟು ಬೇಕು, ಅದರ ಮುಕ್ಕಾಲು ಭಾಗ ಖಾಲಿ. ಎಷ್ಟು ಕಟ್ಟು ಅಚ್ಚು ಹಾಕಿಸಬೇಕು? ಉಚಿತದ 75 ಇದೆ. ನಿಮ್ಮ ಫೋನಿನಲ್ಲಿ ಹಳೆ ಗಿರಾಕಿಗಳ ನಂಬರು 140 ಇದ್ದರೆ ಅರ್ಧ ಜನ ಕೇಳುತ್ತಾರೆ ಎಂದು 70 ಇಟ್ಟುಕೊಳ್ಳಿ. ಕೆಟ್ಟುಹೋಗುವುದಕ್ಕೆ ಹದಿನೈದು ಸೇರಿಸಿ 160 ಶೀಟು. ಇಷ್ಟು ಸಣ್ಣ ಸಂಖ್ಯೆಗೆ ಆಫ್‌ಸೆಟ್ ಪ್ಲೇಟು ಹಾಕಿಸುವುದು ದಂಡ, ಡಿಜಿಟಲ್ಲೇ ಸರಿ. ಹೊಸ ಡಬ್ಬಿಯ ಮುದ್ರಣ ಮಾತ್ರ ಆಫ್‌ಸೆಟ್‌ಗೆ ಹೋಗಲಿ.

ಇನ್ನು ತೂಕ. 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆರ್ಟ್ ಕಾರ್ಡಿನಲ್ಲಿ 63×88ರ ಒಂದು ಕಾರ್ಡು 1.66 ಗ್ರಾಂ, 18ಕ್ಕೆ 30 ಗ್ರಾಂ. ಎರಡೂ ಬದಿ ಲ್ಯಾಮಿನೇಶನ್ ಸೇರಿ ಸುಮಾರು 33. ಲಕೋಟೆ 8 ಗ್ರಾಂ. ಸ್ಪೀಡ್ ಪೋಸ್ಟ್‌ನಲ್ಲಿ 50 ಗ್ರಾಂವರೆಗೆ ಒಂದು ದರ, ಅದನ್ನು ದಾಟಿದರೆ ಇನ್ನೊಂದು. ಎಂಟು ಪುಟದ ಎ5 ನಿಯಮ ಪುಸ್ತಿಕೆ ಇಟ್ಟರೆ 80 ಜಿಎಸ್ಎಂನಲ್ಲೂ 10 ಗ್ರಾಂ, ಒಟ್ಟು 51. ಒಂದು ಗ್ರಾಮಿಗೆ ಮೇಲಿನ ದರ! ಬದಲಾದ ನಿಯಮವನ್ನಷ್ಟೇ ಒಂದು ಎ4 ಹಾಳೆಯಲ್ಲಿ ಎರಡೂ ಕಡೆ ಮುದ್ರಿಸಿ ಮಡಚಿಡಿ. ಅದು 5 ಗ್ರಾಂ, ಒಟ್ಟು 46. ಪೂರ್ತಿ ಪುಸ್ತಿಕೆಗೆ ಹಾಳೆಯ ಮೂಲೆಯಲ್ಲೊಂದು ಕ್ಯೂಆರ್ ಕೋಡ್ ಸಾಕು. ನೂರೈವತ್ತು ಲಕೋಟೆ ಅಂಟಿಸುವ ಮೊದಲು ಒಂದನ್ನು ಅಂಚೆ ಕಚೇರಿಯ ತಕ್ಕಡಿಯಲ್ಲಿ ತೂಗಿಸಿ.

ಪಟದ ಮೇಲೆ ಅಂಟಿಸುವ ಸ್ಟಿಕ್ಕರ್ ಕೊಟ್ಟು ತಿದ್ದುವ ಯೋಚನೆ ಬಿಡಿ. ಮಡಿಕೆಯ ಗೆರೆಯ ಮೇಲೆ ಬಿದ್ದರೆ ನಾಲ್ಕು ಸಲ ಮಡಚುವುದರಲ್ಲಿ ಅಂಚು ಏಳುತ್ತದೆ, ಸೊಟ್ಟ ಅಂಟಿಸಿದರೆ ತೆಗೆಯಲು ಹೋಗಿ ಪಟವೇ ಕಿತ್ತುಬರುತ್ತದೆ. ಪಟ ಬದಲಾಗಲೇಬೇಕು ಎಂದಾದರೆ ಅಪ್‌ಗ್ರೇಡಿನ ಆಸೆ ಬಿಟ್ಟು, ಹಳೆ ಡಬ್ಬಿ ತೋರಿಸಿದವರಿಗೆ ಹೊಸ ಡಬ್ಬಿಯ ಮೇಲೆ ನೇರ ರಿಯಾಯಿತಿ ಕೊಡಿ.

ಬೆಲೆ: ಡಬ್ಬಿಯ ಎಂಟನೇ ಒಂದರಿಂದ ಐದನೇ ಒಂದು ಭಾಗದೊಳಗೆ ಇರಲಿ. 799ರ ಡಬ್ಬಿಗೆ 99 ಅಥವಾ 149, ಅಂಚೆ ಸೇರಿ. ಇದರಲ್ಲಿ ಲಾಭ ನೋಡಬೇಡಿ. ಇಡೀ ಡಬ್ಬಿಯ ಅರ್ಧ ಬೆಲೆಗೆ ಅಪ್‌ಗ್ರೇಡ್ ಮಾರಲು ಹೋದರೆ ‘ಇದಕ್ಕಿಂತ ಹೊಸದೇ ತಗೊಳ್ಳಬಹುದಲ್ಲ’ ಎಂದುಕೊಂಡು ಎರಡನ್ನೂ ಕೊಳ್ಳದೆ ಬಿಡುತ್ತಾರೆ.

ಹಂತ 4: ಬಾಯಿ ಮುಚ್ಚಿಕೊಂಡು ಆಡಿಸಿ ನೋಡಿ

2012ರಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತನ್ನ ಮುಂದಿನ ನಿಯಮಗಳನ್ನು ಸಾರ್ವಜನಿಕ ಪರೀಕ್ಷೆಗೆ ಬಿಟ್ಟು, ಆಡಿದವರ ಮಾತು ಕೇಳಿ, 2014ರಲ್ಲಿ 5ನೇ ಆವೃತ್ತಿ ತಂದಿತು. ನಿಯಮ ಸುಧಾರಿಸಿದ್ದು ಒಂದು ಲಾಭ. ‘ಇದರಲ್ಲಿ ನನ್ನದೂ ಒಂದು ಮಾತಿದೆ’ ಎನ್ನುವ ಜನ ಬಿಡುಗಡೆಗೆ ಮುಂಚೆಯೇ ತಯಾರಾದದ್ದು ಇನ್ನೊಂದು.

ಇಲ್ಲಿ ಆರು ಮೇಜು ಸಾಕು. ಮೂರು ಹಳೆ ಗಿರಾಕಿಗಳದ್ದು, ಮೂರು ಆಟವನ್ನು ನೋಡೇ ಇರದವರದ್ದು. ತುಮಕೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ ಹುಡುಗರು ಸುಲಭಕ್ಕೆ ಸಿಗುತ್ತಾರೆ, ಆದರೆ ಅವರನ್ನೇ ನಂಬಬೇಡಿ. ನಿಯಮ ಅರ್ಥವಾಗದಿದ್ದರೂ ಊಹಿಸಿ ಆಡಿಬಿಡುವ ಜಾತಿ ಅದು. ಹತ್ತು ಹನ್ನೆರಡು ವರ್ಷದ ಮಕ್ಕಳ ಜೊತೆ ಕೂರುವ ಅಪ್ಪ ಅಮ್ಮಂದಿರ ಮೇಜು ಒಂದಾದರೂ ಇರಲಿ, ಎಲ್ಲಿ ಎಡವುತ್ತದೆ ಎಂದು ಅಲ್ಲೇ ಗೊತ್ತಾಗುವುದು. ಡಬ್ಬಿ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ಅವರು ನಿಮ್ಮ ಮುಖ ನೋಡಿದಾಗಲೆಲ್ಲ ಪುಸ್ತಿಕೆಯ ಯಾವ ಸಾಲಿನಲ್ಲಿದ್ದರು ಎಂದು ಗುರುತು ಹಾಕಿ. ಬಾಯಿಬಿಟ್ಟು ವಿವರಿಸಿದರೆ ಆ ಮೇಜು ವ್ಯರ್ಥ.

ಪದ ಬದಲಾಯಿಸಬೇಡಿ. ಹಳೆ ಪುಸ್ತಿಕೆಯಲ್ಲಿ ‘ಸರದಿ’ ಎಂದಿದ್ದರೆ ಹೊಸದರಲ್ಲಿ ‘ಸುತ್ತು’ ಎನ್ನಬೇಡಿ. ‘ಕಾಯಿ’ ಇದ್ದದ್ದು ‘ಟೋಕನ್’ ಆಗಬಾರದು. ಹಳಬರು ಹೊಸ ಪದ ಕಂಡ ಕಡೆಯೆಲ್ಲ ಹೊಸ ನಿಯಮ ಹುಡುಕುತ್ತಾರೆ. ನಿಜವಾಗಿ ಬದಲಾದದ್ದು ಒಂದೇ ಇರುತ್ತದೆ, ಅವರಿಗೆ ಹತ್ತು ಕಾಣುತ್ತದೆ.

ಹಂತ 5: ಡಬ್ಬಿ, ಬಾರ್‌ಕೋಡ್, ಎಂಆರ್‌ಪಿ

ಅಂಗಡಿಯ ಕಪಾಟಿನಲ್ಲಿ ಎರಡೂ ಡಬ್ಬಿ ಕೆಲವು ವಾರ ಅಕ್ಕಪಕ್ಕ ಇರುತ್ತವೆ. ‘2ನೇ ಆವೃತ್ತಿ’ ಎಂಬುದನ್ನು ಮುಂಭಾಗದಲ್ಲಷ್ಟೇ ಅಲ್ಲ, ಡಬ್ಬಿಯ ನಾಲ್ಕೂ ಪಕ್ಕಕ್ಕೆ ಹಾಕಿ. ಕಪಾಟಿನಲ್ಲಿ ಕಾಣುವುದು ಪಕ್ಕ. ಒಂದು ಬಣ್ಣವೂ ಬದಲಾಗಲಿ. ‘ಕೆಂಪು ಡಬ್ಬಿ ಹಳೇದು, ಹಸಿರು ಹೊಸದು’ ಎಂದು ಅಂಗಡಿಯ ಹುಡುಗ ಫೋನಿನಲ್ಲಿ ಹೇಳುವಂತಿರಬೇಕು. ‘ಹೊಚ್ಚ ಹೊಸ’ ಎಂದು ಅಚ್ಚು ಹಾಕಬೇಡಿ, ಮೂರು ವರ್ಷದ ಮೇಲೂ ಆ ಡಬ್ಬಿ ಹೊಚ್ಚ ಹೊಸದಾಗಿಯೇ ಇರುತ್ತದೆ.

ಬಾರ್‌ಕೋಡ್ ಬೇರೆಯೇ ತೆಗೆದುಕೊಳ್ಳಿ. ಹಳೆಯದನ್ನೇ ಇಟ್ಟರೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಎರಡೂ ಒಂದೇ ಸಾಲಿಗೆ ಸೇರಿಹೋಗುತ್ತವೆ, ಯಾವುದು ಎಷ್ಟು ಉಳಿದಿದೆ ಎಂದು ದೇವರಿಗೇ ಗೊತ್ತು. ಆನ್‌ಲೈನ್‌ನಲ್ಲಿ ಇನ್ನೂ ಕೆಟ್ಟದ್ದು: ಹೊಸದು ಆರ್ಡರ್ ಮಾಡಿದವರಿಗೆ ಹಳೆಯದು ಹೋಗುತ್ತದೆ, ಒಂದು ಸ್ಟಾರ್ ವಾಪಸ್ ಬರುತ್ತದೆ.

ಪ್ಯಾಕ್ ಮಾಡಿದ ಸರಕಿನ ನಿಯಮ ನೆನಪಿರಲಿ. ಹಳೆ ಡಬ್ಬಿಯ ಬೆಲೆ ಇಳಿಸುವುದಾದರೆ ಕಡಿಮೆ ಎಂಆರ್‌ಪಿಯ ಸ್ಟಿಕ್ಕರ್ ಹಚ್ಚಬಹುದು, ಆದರೆ ಅದು ಮೂಲ ಎಂಆರ್‌ಪಿಯನ್ನು ಮುಚ್ಚಬಾರದು. ಏರಿಸುವ ಸ್ಟಿಕ್ಕರ್ ಹಚ್ಚುವಂತಿಲ್ಲ. ಬೋರ್ಡ್ ಗೇಮ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಹೊಸ ಬೆಲೆಯನ್ನು ಆ ಲೆಕ್ಕದಲ್ಲೇ ಕಟ್ಟಿ. 14 ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ ಆಟವಾದರೆ 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಆವೃತ್ತಿ ಬದಲಾಗುವಾಗ ಕಾಯಿಯ ಸಾಮಗ್ರಿಯೋ ಬಣ್ಣವೋ ಬದಲಾದರೆ, ಹಳೆ ಪರೀಕ್ಷೆಯ ಕಾಗದ ಹೊಸ ಮಾಲಿಗೆ ಅನ್ವಯಿಸುತ್ತದೆಯೇ ಎಂದು ಮುದ್ರಣಕ್ಕೆ ಮೊದಲು ಕೇಳಿಕೊಳ್ಳಿ. ಕಾರ್ಟೂನು ಚಿತ್ರದ ಡಬ್ಬಿಯ ಮೇಲೆ ‘14+’ ಎಂದು ಬರೆದು ಪಾರಾಗುವ ಉಪಾಯ ಕೇಳಲು ಮಾತ್ರ ಚೆನ್ನ.

ಹಂತ 6: ಯಾರಿಗೆ ಮೊದಲು ಹೇಳಬೇಕು

ಮೊದಲು ಅಂಗಡಿಯವರು, ಆಮೇಲೆ ಹಳೆ ಗಿರಾಕಿಗಳು, ಕೊನೆಗೆ ಊರು. ನಡುವೆ ಎರಡೆರಡು ದಿನ ಸಾಕು. ಗಿರಾಕಿ ಬಂದು ‘ಹೊಸ ಮಂಡಿ ಯಾವಾಗ ಬರುತ್ತೆ’ ಎಂದು ಕೇಳಿದಾಗ ಅಂಗಡಿಯವರು ಕಣ್ಣು ಕಣ್ಣು ಬಿಟ್ಟರೆ, ಮುಂದಿನ ಸಲ ನಿಮ್ಮ ಡಬ್ಬಿ ಮೇಲಿನ ಕಪಾಟಿಗೆ ಹೋಗುತ್ತದೆ.

ಹಳೆ ಗಿರಾಕಿಗಳಿಗೆ ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಮಾಡುವವರು ಒಂದು ಮರೆಯುತ್ತಾರೆ. ಒಂದು ಪಟ್ಟಿಗೆ 256 ಜನ ಮಿತಿ, ಅಲ್ಲದೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಉಳಿದವರಿಗೆ ಒಬ್ಬೊಬ್ಬರಿಗೇ ಕಳಿಸಬೇಕು. ನೂರು ಮೆಸೇಜು ಒಂದು ಸಂಜೆಯ ಕೆಲಸ. ಹೀಗೆ ಬರೆಯಬಹುದು:

‘ನಮಸ್ಕಾರ. ನಿಮ್ಮ ಮನೆಯಲ್ಲಿರುವ ಮಂಡಿ ಆಟಕ್ಕೆ ಅಕ್ಟೋಬರ್‌ನಲ್ಲಿ 2ನೇ ಆವೃತ್ತಿ ಬರುತ್ತಿದೆ. ಬದಲಾಗಿರುವುದು 18 ಮಂಡಿ ಕಾರ್ಡು ಮತ್ತು ಹರಾಜಿನ ನಿಯಮ ಮಾತ್ರ. ಪಟ, ಕಾಯಿ, ಬೆಳೆ ಕಾರ್ಡು, ಹವಾಮಾನ ಕಾರ್ಡು ಹಾಗೇ ಇವೆ. ಜೂನ್ 1ರ ನಂತರ ಕೊಂಡಿದ್ದರೆ ಹೊಸ 18 ಕಾರ್ಡು ಉಚಿತ, ಬಿಲ್ಲಿನ ಫೋಟೋ ಕಳಿಸಿ. ಮೊದಲೇ ಕೊಂಡಿದ್ದರೆ 99 ರೂಪಾಯಿ, ಅಂಚೆ ಸೇರಿ. ಏನೂ ಬೇಡ ಎಂದರೂ ನಿಮ್ಮ ಡಬ್ಬಿ ಹಾಗೇ ಆಡಬಹುದು. ಹಳೆ ನಿಯಮದ ಪಿಡಿಎಫ್ ತೆಗೆಯುವುದಿಲ್ಲ.’

ಇದರಲ್ಲಿ ‘ಸುಧಾರಿತ ಅನುಭವ’, ‘ಉತ್ತಮ ಸಮತೋಲನ’ ಇಲ್ಲ ಎಂಬುದನ್ನು ಗಮನಿಸಿ. ಸಾರ್ವಜನಿಕ ಪ್ರಚಾರದಲ್ಲೂ ಬದಲಾವಣೆಯನ್ನು ಆಡುವವರ ಮಾತಿನಲ್ಲೇ ಹೇಳಿ. ‘ಹರಾಜಿನ ವ್ಯವಸ್ಥೆ ಪರಿಷ್ಕರಿಸಲಾಗಿದೆ’ ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. ‘ಒಂದೂವರೆ ಗಂಟೆಯ ಆಟ ಈಗ ಒಂದು ಗಂಟೆಯೊಳಗೆ ಮುಗಿಯುತ್ತದೆ, ಬಿಡ್ ಏರಿಸುವಾಗ ಉಳಿದ ಮೂವರು ಮೊಬೈಲ್ ನೋಡುತ್ತಾ ಕೂರಬೇಕಿಲ್ಲ’ ಎಂದರೆ ಹಳೆಯದನ್ನು ಆಡಿದವರು ನಗುತ್ತಾರೆ. ಹಳೆಯದನ್ನು ಬೈದು ಹೊಸದನ್ನು ಹೊಗಳಬೇಡಿ. ಆ ಹಳೆಯದಕ್ಕೇ ಅವರು 799 ಕೊಟ್ಟಿದ್ದರು.

ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಓಡಾಡುವ ತುಮಕೂರಿನವರಿಗೆ ಫೋನಿನಲ್ಲಿ ಓದುವ ಹೊತ್ತಿದೆ, ಅವರಿಗೆ ಬರಹವೇ ಸಾಕು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಪುಸ್ತಿಕೆ ಕನ್ನಡದಲ್ಲೇ ಇರಲಿ, ಎರಡು ನಿಮಿಷದ ‘ಏನು ಬದಲಾಗಿದೆ’ ವಿಡಿಯೋಗೆ ತೆಲುಗು ಧ್ವನಿಯದ್ದೂ ಒಂದು ಮಾಡಿ. ಅಜ್ಜಿಯೂ ಆಡಲು ಕೂರುತ್ತಾರೆ.

ಹಂತ 7: ಅಂಗಡಿಯವರ ಲೆಕ್ಕ

ನಿಮಗೂ ಅಂಗಡಿಗೂ ಶೇ. 35 ಮಾರ್ಜಿನ್ ಒಪ್ಪಂದ ಎಂದುಕೊಳ್ಳಿ. 799ರ ಡಬ್ಬಿಗೆ ಅವರು ನಿಮಗೆ ಸುಮಾರು 519 ಕೊಟ್ಟಿದ್ದಾರೆ. ಹಳೆಯದರ ಎಂಆರ್‌ಪಿ 649ಕ್ಕೆ ಇಳಿಸಿದರೆ ಅದೇ ಮಾರ್ಜಿನ್‌ನಲ್ಲಿ ಅವರು ಕೊಡಬೇಕಾದದ್ದು 422. ವ್ಯತ್ಯಾಸ 97. ಇಳಿಸಿದವರು ನೀವು, ಆ 97 ನಿಮ್ಮ ಕೈಯಿಂದ ಹೋಗಬೇಕು. ಎಲ್ಲ ಅಂಗಡಿ ಸೇರಿ 16 ಡಬ್ಬಿ ಉಳಿದಿದ್ದರೆ ಒಟ್ಟು ಸಾವಿರದೈನೂರ ಚಿಲ್ಲರೆ. ಎಂಟು ಅಂಗಡಿಗಳ ವಿಶ್ವಾಸಕ್ಕೆ ಇದು ದುಬಾರಿಯಲ್ಲ. ಮುಂದಿನ ಬಿಲ್ಲಿನಲ್ಲಿ ಕಳೆದುಕೊಡಿ, ‘ಆಮೇಲೆ ನೋಡೋಣ’ ಎನ್ನಬೇಡಿ.

ಇನ್ನೊಂದು ದಾರಿಯೇ ವಾಸಿ: ಬೆಲೆ ಇಳಿಸದೆ ಅಪ್‌ಗ್ರೇಡ್ ಕಟ್ಟನ್ನು ಹಳೆ ಡಬ್ಬಿಗೆ ಸೇರಿಸಿ ಮಾರುವುದು. ಡಬ್ಬಿಗೆ ಬಿಗಿಯಾಗಿ ಸುತ್ತಿರುವ ಪ್ಲಾಸ್ಟಿಕ್ ಹಾಳೆ (ಶ್ರಿಂಕ್ ರ್ಯಾಪ್) ಹರಿಯಬೇಡಿ, ಹರಿದ ಡಬ್ಬಿಯನ್ನು ಸೆಕೆಂಡ್‌ಹ್ಯಾಂಡ್ ಎಂದು ತಿಳಿಯುತ್ತಾರೆ. ಲಕೋಟೆಯನ್ನು ಡಬ್ಬಿಯ ತಳಕ್ಕೆ ಇಟ್ಟು, ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ‘2ನೇ ಆವೃತ್ತಿಯ 18 ಕಾರ್ಡು ಜೊತೆಗಿದೆ’ ಎಂದು ಬರೆಯಿರಿ. ಪಟ್ಟಿ ಎಂಆರ್‌ಪಿಯ ಮೇಲೆ ಬರದಂತೆ ನೋಡಿ.

ಡೆಮೊಗೆಂದು ಪ್ರತಿ ಅಂಗಡಿಗೆ ಒಂದು ತೆರೆದ ಡಬ್ಬಿ ಕೊಟ್ಟುಬಿಡಿ. ಅದಕ್ಕೆ ಬಿಲ್ ಮಾಡುವ ಜಿಪುಣತನ ಬೇಡ.

ಹಂತ 8: ಬಿಡುಗಡೆ ಎಲ್ಲಿ, ಯಾವಾಗ

ದಸರಾ ರಜೆ ಒಳ್ಳೆಯದು, ಏಪ್ರಿಲ್–ಮೇ ರಜೆ ಇನ್ನೂ ಒಳ್ಳೆಯದು. ಫೆಬ್ರವರಿ–ಮಾರ್ಚ್ ಬೇಡವೇ ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಆಗ ಟಿವಿಯೇ ಹಾಕುವುದಿಲ್ಲ. ಅದೇ ಹೊತ್ತಿಗೆ ಶಿವರಾತ್ರಿಯ ಸಿದ್ಧಗಂಗಾ ಜಾತ್ರೆ, ಅಲ್ಲಿನ ವಸ್ತುಪ್ರದರ್ಶನದ ಜನ ನೋಡಿ ಆಸೆಯಾಗುತ್ತದೆ. ಜಾತ್ರೆಯಲ್ಲಿ ಜನ ನಡೆಯುತ್ತಾರೆ, ಕೂರುವುದಿಲ್ಲ. ಐವತ್ತೈದು ನಿಮಿಷದ ಆಟ ಅಲ್ಲಿ ಮಾರಲು ಹೋದರೆ ಕೈಯಲ್ಲಿ ಕಡ್ಲೆಪುರಿ ಹಿಡಿದು ನಿಂತು ನೋಡಿ ಹೋಗುತ್ತಾರೆ ಅಷ್ಟೇ. ಜಾತ್ರೆಗೆ ಹೋಗಲೇಬೇಕಾದರೆ ಒಂದೇ ಹರಾಜು, ಐದು ನಿಮಿಷ, ನಿಂತೇ ಆಡುವ ತುಣುಕು ತಯಾರಿಸಿಕೊಂಡು ಹೋಗಿ.

ಬಿಡುಗಡೆಯ ದಿನಕ್ಕೆ ಪುಸ್ತಕದ ಅಂಗಡಿಯ ಮುಂದೆ ಎರಡು ಮೇಜು ಸಾಕು. ಒಂದರಲ್ಲಿ ಹೊಸಬರು ಆಡಲಿ. ಇನ್ನೊಂದು ಕಾರ್ಡು ಬದಲಿಸುವ ಮೇಜು: ಹಳೆ ಡಬ್ಬಿ ತಂದವರ 18 ಕಾರ್ಡು ತೆಗೆದುಕೊಂಡು ಅಲ್ಲೇ ಹೊಸ 18 ಕೊಡಿ, ಅವತ್ತು ಮಾತ್ರ ಬಿಟ್ಟಿ. ಎರಡನೇ ಮೇಜನ್ನು ಕಂಡೇ ಹೊಸಬರು ಕೊಳ್ಳುತ್ತಾರೆ. ಈ ಜನ ಡಬ್ಬಿ ಮಾರಿ ಕೈತೊಳೆದುಕೊಳ್ಳುವವರಲ್ಲ ಎಂದು ಅದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ವಾಪಸ್ ಬಂದ ಹಳೆ ಕಾರ್ಡನ್ನು ಎಸೆಯಬೇಡಿ, ಯಾರಾದರೂ ‘ನನಗೆ ಹಳೆಯದೇ ಇಷ್ಟ, ಎರಡು ಕಾರ್ಡು ಕಳೆದಿದೆ’ ಎಂದು ಬಂದೇ ಬರುತ್ತಾರೆ.

ಹಂತ 9: ಬಿಡುಗಡೆಯ ಮೇಲಿನ ಮೂರು ತಿಂಗಳು

2015ರಲ್ಲಿ ವಾರ್‌ಹ್ಯಾಮರ್‌ನ ಹಳೆಯ ಫ್ಯಾಂಟಸಿ ಯುದ್ಧದ ಆಟವನ್ನು ನಿಲ್ಲಿಸಿ ‘ಏಜ್ ಆಫ್ ಸಿಗ್ಮಾರ್’ ತಂದಾಗ, ಎರಡು ಸೈನ್ಯಗಳನ್ನು ಸಮ ಮಾಡುವ ಪಾಯಿಂಟ್ ಲೆಕ್ಕವೇ ಅದರಲ್ಲಿ ಇರಲಿಲ್ಲ. ಆಟಗಾರರು ಗಲಾಟೆ ಮಾಡಿದರು, ಮರುವರ್ಷ 2016ರಲ್ಲಿ ಪಾಯಿಂಟುಗಳು ಕೈಪಿಡಿಯಾಗಿ ಬಂದವು. ನಿಲ್ಲಿಸಿದ್ದ ಆ ಹಳೆಯ ಲೋಕವೂ 2024ರಲ್ಲಿ ಬೇರೆ ಆಟವಾಗಿ ಅಂಗಡಿಗೆ ಮರಳಿತು. ಹಳಬರು ಏನನ್ನು ಹಿಡಿದುಕೊಂಡು ಆಡುತ್ತಿದ್ದರು ಎಂಬುದನ್ನು ಕೇಳದೆ ಕಿತ್ತರೆ ಹೀಗೇ. ನಿಮ್ಮ ಆಟದಲ್ಲೂ ಅಂಥದ್ದೊಂದು ಇರುತ್ತದೆ, ಬಿಡುಗಡೆಯಾದ ಎರಡು ವಾರದಲ್ಲಿ ಅದರ ಬಗ್ಗೆ ಫೋನ್ ಬರುತ್ತದೆ.

ಬಂದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ತಪ್ಪು ಓದಿದವರದ್ದಲ್ಲ, ಪುಸ್ತಿಕೆಯದು. ಆನ್‌ಲೈನ್ ಪ್ರತಿಯಲ್ಲಿ ತಿದ್ದಿ, ಕೊನೆಯ ಪುಟದಲ್ಲಿ ತಿದ್ದಿದ ದಿನಾಂಕ ಹಾಕಿ. ಆದರೆ ಮೂರು ತಿಂಗಳು ಕಾರ್ಡಿನ ಮೇಲಿನ ಯಾವ ಅಂಕಿಯನ್ನೂ ಬದಲಿಸಬೇಡಿ. ಒಬ್ಬರು ಸೋತು ಬಂದು ‘ಈ ಕಾರ್ಡು ಜಾಸ್ತಿ ಪವರ್’ ಎಂದ ಕೂಡಲೇ ತಿದ್ದಲು ಹೊರಟರೆ ಆವೃತ್ತಿ 2.1, 2.2 ಶುರುವಾಗುತ್ತದೆ, ಯಾರ ಮನೆಯಲ್ಲಿ ಯಾವುದಿದೆ ಎಂದು ನಿಮಗೇ ತಿಳಿಯುವುದಿಲ್ಲ.

ಹಳೆ ನಿಯಮದ ಪಿಡಿಎಫ್ ಕೊಂಡಿ ಜೀವಂತ ಇರಲಿ, ಹಳೆ ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಹೊಸ ನಿಯಮಕ್ಕೆ ಹಾರಬಾರದು. ಕೋಡ್ ತೆರೆದಾಗ ‘ನಿಮ್ಮ ಡಬ್ಬಿ ಕೆಂಪೋ ಹಸಿರೋ’ ಎಂದು ಕೇಳುವ ಒಂದು ಪುಟ ಮಾಡಿದರೆ ಸಾಕು. ಅಪ್‌ಗ್ರೇಡ್ ಕಟ್ಟಿನ ಮಾರಾಟವನ್ನು ಒಂದು ವರ್ಷ ಇಡಿ, ನಿಲ್ಲಿಸುವ ತಿಂಗಳನ್ನು ಎರಡು ತಿಂಗಳು ಮುಂಚೆ ಹೇಳಿ. ನಿಲ್ಲಿಸಿದ ಮೇಲೂ ಇಪ್ಪತ್ತು ಕಟ್ಟು ಬೀರುವಿನಲ್ಲಿ ತೆಗೆದಿಟ್ಟಿರಿ. ಹಳೆ ಡಬ್ಬಿ ಅಣ್ಣನಿಂದ ತಮ್ಮನಿಗೆ, ಒಬ್ಬ ರೂಮ್‌ಮೇಟ್‌ನಿಂದ ಇನ್ನೊಬ್ಬನಿಗೆ ಕೈ ಬದಲಾಗುತ್ತಲೇ ಇರುತ್ತದೆ, ಅದನ್ನು ಪಡೆದವರು ಎರಡು ವರ್ಷದ ಮೇಲೂ ಫೋನ್ ಮಾಡಿ ಹೊಸ ಕಾರ್ಡು ಕೇಳುತ್ತಾರೆ.